ಡಿಕ್ಕಿಯೊಳಗಿನ ಡೊಳ್ಳು

ಕಾರಿನ ಡಿಕ್ಕಿ ಮುಚ್ಚವಲ್ದು. ನಮ್ಮ ಮನಿಯವರು ಮೊಳಕಾಲು ಕೊಟ್ಟು ಒತ್ತಾಕತ್ತಾರ, ಅದು ಮತ್ತ ಬಾಯಿ ತೆರೀತದ.

ಒಳಗಿದ್ದದ್ದು ಒಂದು ಕಟಗಿ ಪೆಟ್ಟಿಗಿ. ಅದರಾಗ ಊಟದ ಗಂಗಾಳದಷ್ಟು ದೊಡ್ಡ ಸ್ಪೀಕರು, ವೂಫರ್ ಅಂತ ಅದರ ಹೆಸರು. ಬಾಜೂಕ ಇಟ್ಟಂಗಿಯಂಥ ಆಂಪ್ಲಿಫೈಯರು.

ನಾ ಅಂದೆ, "ನಿಮ್ಮಪ್ಪಗ ಕಿವಿ ಇಲ್ಲ, ನಿಮಗ ತಲಿ ಇಲ್ಲ. ಕಿವುಡಗ ಟೇಪ್ ಕೇಳಸಾಕ ಹೊಂಟೀರಿ."

ಅವರು ಹಗ್ಗ ಹುಡುಕಾಕ ಹೋದರು. ತಿರುಗಿ ಬೈದಿದ್ರ ಚಲೋ ಇತ್ತು.

ಎಂಬತ್ತರ ದಶಕದ ಕೊನಿ ಮಾತಿದು. ನಮ್ಮವರು ಮಾನ್ವಿಯ ಒಂದು ರೈಸ್ ಮಿಲ್ಲಿನಾಗ ಡ್ರೈವರು. ಕಾರು ಸಾವುಕಾರರದು, ಅದರಾಗಿನ ಟೇಪು ಕಂಪನಿಯಿಂದಲೇ ಕೂಡಿಸಿಕೊಂಡು ಬಂದದ್ದು.

ನಮ್ಮ ಮಾವ ಅರಕೇರಾದಾಗ ಡೊಳ್ಳು ಕಲಿಸೋವ್ರು. ಹಿರಿಮಗ ಮಾಳಪ್ಪ, ನನಗ ಭಾವ, ಅವರ ಕೈಯಾಗಿನ ಶಿಷ್ಯ. ಮಗನಂತ ಬಿಡತಿರಲಿಲ್ಲ. "ಎಡಗೈ ತಡಾ ಆಗ್ತದ ಲೇ ಮಾಳ್ಯಾ!" ಅಂತ ದಿನಾ ಬೈಗಳ. ಭಾವ ಬೈಸಿಕೊಂಡು ನಗತಿದ್ರು.

ಆ ಭಾವ ಕೃಷ್ಣಾ ಹೊಳಿಗೆ ಕುರಿ ಮೈ ತೊಳಿಯಾಕ ಹೋದವ್ರು ತಿರುಗಿ ಬರಲಿಲ್ಲ.

ಕುರಿ ಬಂದವು.

ಮಾವ ಡೊಳ್ಳು ಗೂಟಕ್ಕ ಹಾಕಿ ಅದರ ಮ್ಯಾಲೆ ಕಂಬಳಿ ಹೊಚ್ಚಿದರು. ಊರಾಗ ಮೇಳದವ್ರು ಡೊಳ್ಳು ಹೊರಗ ತೆಗೆದರಂದ್ರ ಎದ್ದು ಹೊಲದ ಕಡೆ ಹೋಗತಿದ್ರು.

ಮೊದಲ ಮಂದ ಇದ್ದ ಕಿವಿ, ಆಮ್ಯಾಲೆ ಬಂದ ಜ್ವರಕ್ಕ ಪೂರಾ ಹೋತು. ಮಾತೂ ನಿಂತ್ವು. ಈಗ ಊಟನೂ ಬಿಡಾಕತ್ತಿದ್ರು. ಗಂಗಾಳ ಮುಂದಿಟ್ರ ಅದನ್ನ ನೋಡಿಕೋತ ಕೂಡೋದು...

ಭಾವ ಬಾರಿಸಿದ್ದು ಒಂದು ಕ್ಯಾಸೆಟ್ಟಿನಾಗ ಉಳಿದಿತ್ತು. ಯಾವುದೋ ಪೂಜ್ಯಾಗ ಯಾರೋ ಟೇಪ್ ಇಟ್ಟು ತುಂಬಿಕೊಂಡಿದ್ರು. ಅದನ್ನ ಅಪ್ಪಗ ಹೆಂಗಾರ ಮುಟ್ಟಿಸಬೇಕು, ಅಂದ್ರ ಒಂದು ತುತ್ತು ಉಣತಾರ ಅಂತ ನಮ್ಮವರ ಹಟ.

ಕಾರಿನ ಸ್ಪೀಕರಿನಾಗ ಹಾಕಿದ್ರ ತಗಡು ಬಡಿದಂಗ ಕೇಳತಿತ್ತು. ಕಿವಿ ಇಲ್ಲದವಗ ತಗಡು ತಗೊಂಡು ಏನು ಮಾಡೋದು? ಗುದ್ದು ಬೇಕು. ಮೈಗೆ ತಿಳಿಯೋವಂಥ ಗುದ್ದು.

ಸಾವುಕಾರರು ಒಪ್ಪಿದರು. "ಕಂಪನಿ ವೈರು ಕತ್ತರಿಸಬ್ಯಾಡೋ, ಆಮ್ಯಾಲೆ ಇದ್ದಂಗ ಮಾಡಿಕೊಡು" ಅಂದರು, ಅಷ್ಟ.

ಮಾನ್ವಿಯ ರೇಡಿಯೋ ರಿಪೇರಿಯವ ಕಾರಿನ ಸ್ಪೀಕರ್ ವೈರಿನ ಮೈ ಅಷ್ಟ ಸುಲಿದು, ಅಲ್ಲಿಂದ ಆಂಪ್ಲಿಫೈಯರಿಗೆ ಎಳೆ ತಂದ. ಬ್ಯಾಟರಿಯಿಂದ ಫ್ಯೂಜ್ ಹಾಕಿ ದಪ್ಪ ವೈರು ಎಳದ. ಆ ಕೆಲಸ ನೆಟ್ಟಗಿತ್ತು.

ಪೆಟ್ಟಿಗಿ ಮಾತ್ರ ನಮ್ಮವರ ಬುದ್ಧಿ. ಬಡಿಗೇರಗ ಹೇಳಿ ಡೊಳ್ಳಿನಂಗ ಮಾಡಿಸಿದ್ರು... ಡೊಳ್ಳಿಗೆ ಎರಡು ಬಾಯಿ ಇರ್ತಾವಲ್ಲ, ಹಂಗ. ಮುಂದಿನ ಬಾಯಿಗೆ ಸ್ಪೀಕರು, ಹಿಂದಿನ ಬಾಯಿ ಬಯಲು. ಡೊಳ್ಳಿನ ಮನಿತನದವ್ರಿಗೆ ಮತ್ತೇನು ಹೊಳಿಬೇಕು?

ಡಿಕ್ಕಿಗೆ ಹಗ್ಗ ಕಟ್ಟಿಕೊಂಡ ಅರಕೇರಾದಿಂದ ಹೊಂಟ್ವಿ. ರಾಯಚೂರಿನ ಕಿವಿ ಡಾಕ್ಟರಿಗೆ ತೋರಸೋದಂತ ಮಾವನ್ನ ಹಿಂದಿನ ಸೀಟಿನಾಗ ಕೂಡಿಸಿದ್ವಿ, ಮಗ್ಗಲಕ ನಾನು. ಕ್ಯಾಸೆಟ್ಟಿನ ಸುದ್ದಿ ತಿಳಿಸಲಿಲ್ಲ. ತಿಳಿದ್ರ ಇಳಿದು ಹೋಗ್ತಿದ್ರು.

ದೇವದುರ್ಗ ದಾಟಿದ ಮ್ಯಾಲೆ ಟೇಪ್ ಹಾಕಿದರು. ನನ್ನ ಕಿವಿ ಹರಿಯೋವಂಗ ಸಪ್ಪಳ, ಗುದ್ದು ಮಾತ್ರ ಇಲ್ಲ. ಸಣ್ಣ ತಗಡು ಹೋಗಿ ದೊಡ್ಡ ತಗಡು ಬಂದಿತ್ತು.

ಮಾವ ಕಿಟಕಿ ಹೊರಗ ನೋಡಿಕೋತ ಕುಂತಿದ್ರು. ನಮ್ಮವರು ಕನ್ನಡಿಯಾಗ ಅಪ್ಪನ ಮುಖ ನೋಡೋದೇ ನೋಡೋದು.

"ಎಮ್ಮಿ ಬಂತು, ಮುಂದ ನೋಡ್ರಿ" ಅಂದೆ.

ಡಾಕ್ಟರು ನರ ಸತ್ತಾವ, ಏನೂ ಮಾಡಾಕ ಬರಂಗಿಲ್ಲ ಅಂದರು. ನಾವು ಮೂರೂ ಮಂದಿ ಹೊರಗ ಬಂದು ಕಟ್ಟಿ ಮ್ಯಾಲೆ ಕುಂತ್ವಿ.

ಬಂದದ್ದು ಬಂದೀವಿ ಅಂತ ಕುರಿಗೆ ಒಂದು ಚೀಲ ಹತ್ತಿಕಾಳಿನ ಹಿಂಡಿ ತಗೊಂಡೆ. ಡಿಕ್ಕಿಯಾಗ ಜಾಗಾ ಎಲ್ಲದ? ಸಿಟ್ಟಿಗೆದ್ದು ಪೆಟ್ಟಿಗಿಯ ಹಿಂದಿನ ಬಾಯಿಗೇ ಚೀಲ ಒತ್ತಿ, ಸಂದಿಗೆಲ್ಲ ಕಂಬಳಿ ಗಿಡಿದು, ಹಗ್ಗ ಬಿಗಿದೆ.

ದಾರ್ಯಾಗ ಅವರು ಮತ್ತ ಕ್ಯಾಸೆಟ್ಟಿಗೆ ಕೈ ಹಾಕಿದರು. "ಸಾಕು ಬಿಡ್ರಿ" ಅಂದೆ. ಕೇಳಲಿಲ್ಲ.

ನನ್ನ ಬೆನ್ನಿಗೆ ಯಾರೋ ಅಂಗೈಲಿ ಬಡಿದಂಗಾತು.

ಮತ್ತೊಂದು. ಮತ್ತೊಂದು. ಸೀಟಿಗೆ ಸೀಟೇ ಡೊಳ್ಳಾಗಿತ್ತು. ಎರಡೂ ಬಾಯಿ ಬಯಲಿದ್ರ ಮುಂದಿನ ಗಾಳಿನ ಹಿಂದಿನ ಗಾಳಿ ನುಂಗತದಂತ, ರಿಪೇರಿಯವ ಆಮ್ಯಾಲೆ ಹೇಳಿದ. ಹಿಂಡಿ ಚೀಲ ಆ ಬಾಯಿ ಮುಚ್ಚಿತ್ತು.

ಮಾವ ಕಿಟಕಿಯಿಂದ ಮುಖ ತಿರುವಿದರು. ಬೆನ್ನು ಸೀಟಿಗೆ ಒತ್ತಿ ಕಣ್ಣು ಮುಚ್ಚಿದರು.

ಬಲಗೈ ತೊಡಿ ಮ್ಯಾಲೆ ಬೀಳಾಕತ್ತು. ಅದರ ಹಿಂದ ಎಡಗೈ... ಒಂದು ಕಡೆ ಎರಡೂ ನಿಂತ್ವು. ಹುಬ್ಬು ಗಂಟಾತು.

"ಎಡಗೈ ತಡಾ ಲೇ ಮಾಳ್ಯಾ. ಎಷ್ಟು ಸಲ ಹೇಳಬೇಕು ನಿನಗ?"

ನಮ್ಮವರು ಗಾಡಿ ಬಾಜೂಕ ಹಚ್ಚಿ ಸ್ಟೇರಿಂಗಿಗೆ ಹಣಿ ಇಟ್ಟರು. ಟೇಪು ಬಂದ್ ಮಾಡಾಕ ಕೈ ಚಾಚಿದರು.

ಮಾವ ಹಿಂದಿನಿಂದ ಮಗನ ಹೆಗಲಿಗೆ ತಟ್ಟಿ, "ನಿಲ್ಲಸಬ್ಯಾಡೋ ಯಪ್ಪಾ. ಅವಂದು ಇನ್ನೂ ಮುಗಿದಿಲ್ಲ" ಅಂದರು.

ಅರಕೇರಾ ಮುಟ್ಟೋತನಾ ಬೈಕೋತ ಬಂದರು. ಒಮ್ಮೆ ಮಾತ್ರ "ಹಾಂ, ಹಂಗ" ಅಂದರು.

ಮನಿಗೆ ಬಂದವ್ರೇ ಭಂಡಾರ ಕೇಳಿದರು. ಡೊಳ್ಳು ಬಾರಿಸೋಕಿಂತ ಮೊದಲ ಅದಕ್ಕ ಭಂಡಾರದ ಅರಿಶಿಣ ಹಚ್ಚೋದು ನಮ್ಮ ಪದ್ಧತಿ. ಗೂಟದ ಕಡೆ ಹೋಗ್ತಾರ ಅನಕೊಂಡೆ. ಹೋಗಲಿಲ್ಲ. ಡಿಕ್ಕಿ ಬಿಚ್ಚಿಸಿ ಆ ಪೆಟ್ಟಿಗಿಗೆ ಹಚ್ಚಿದರು.

ಆಮ್ಯಾಲೆ ಒಳಗ ಬಂದು ಕುಂತು, "ರೊಟ್ಟಿ ಹಾಕವ್ವಾ" ಅಂದರು.

ವೈರು ಬಿಚ್ಚಿ, ಸಾವುಕಾರರ ಕಾರು ಇದ್ದಂಗ ಮಾಡಿ ಕೊಟ್ವಿ. ಡಿಕ್ಕಿಯಾಗ ಉದುರಿದ ಅರಿಶಿಣ ಎಷ್ಟು ತಿಕ್ಕಿದ್ರೂ ಹೋಗಲಿಲ್ಲ.

ಸತ್ತವ್ರನ್ನ ಎಲ್ಲಾರೂ ಹೊಗಳತಾರ... ನಿಮ್ಮ ಮನ್ಯಾಗ ಹೋದವ್ರನ್ನ ಇನ್ನೂ ಬೈಯೋವ್ರು ಯಾರಾದ್ರೂ ಅದಾರೇನ್ರಿ?