ಮೂರನೆಯ ತಂತಿ

ಅಣ್ಣ ಪಿಟೀಲು ನುಡಿಸುತ್ತಿದ್ದ, ತಂಗಿ ಪತ್ರಿಕೆಯಲ್ಲಿ ಸಂಗೀತ ವಿಮರ್ಶೆ ಬರೆಯುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳು ಅಣ್ಣನ ಬಗ್ಗೆ ಒಂದಕ್ಷರ ಬರೆದವಳಲ್ಲ. ಹೊಗಳಿದರೆ ಓದುವವರು ನಗುತ್ತಾರೆ, ತೆಗಳಿದರೆ ಅತ್ತಿಗೆ ಬಾಗಿಲು ತೆಗೆಯುವುದಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಹೇಗೋ ನಡೆದಿತ್ತು.

ಅರವತ್ತು ದಾಟಿದ ಮೇಲೆ ಅಣ್ಣ ತಾನೇ ಕೇಳಿದ. "ಪುಟ್ಟಿ, ನಾಳೆ ನನ್ ಕಛೇರಿ ಇದೆ, ಅದನ್ನ ನೀನೇ ಬರಿ. ಎಲ್ರೂ ವಯಸ್ಸಿಗೆ ಮರ್ಯಾದೆ ಕೊಡ್ತಿದಾರೆ. ಕೈ ಹೇಗಿದೆ ಅಂತ ಒಬ್ರೂ ಹೇಳಲ್ಲ."

"ಚೆನ್ನಾಗಿಲ್ದಿದ್ರೆ?"

"ಹಾಗೇ ಬರಿ. ಸುಳ್ಳು ಬರೆದ್ರೆ ಈ ಮನೆ ಮೆಟ್ಲು ಹತ್ಬೇಡ."

ಮೊದಲ ಅರ್ಧ ಗಂಟೆ ಬಂಗಾರ. ಆಮೇಲೆ ಬೆರಳು ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂರತೊಡಗಿತು. ಸಭೆ ಚಪ್ಪಾಳೆ ತಟ್ಟಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ತಂಗಿಯ ಕಿವಿಗೆ ಮಾತ್ರ ಅದು ತಪ್ಪಲಿಲ್ಲ. ಪತ್ರಿಕೆಯ ಆಫೀಸಿಗೆ ಹೋಗಿ ಬರೆದಳು: "ಎರಡನೆಯ ತಂತಿಯಲ್ಲಿ ಶ್ರುತಿ ನಿಲ್ಲಲಿಲ್ಲ. ಇದು ಒಂದು ದಿನದ ಆಯಾಸವಲ್ಲ."

ಅದನ್ನೋದಿ ಅಣ್ಣ ತಂತಿಗಳನ್ನು ಸಡಿಲಿಸಿ ಪೆಟ್ಟಿಗೆ ಮುಚ್ಚಿದ. ಸಿಟ್ಟಾಗಲಿಲ್ಲ, ಮತ್ತೆಂದೂ ನುಡಿಸಲೂ ಇಲ್ಲ. ಹನ್ನೊಂದು ತಿಂಗಳಿಗೆ ತೀರಿಕೊಂಡ. "ಕೈಯಾರೆ ಕೊಂದ್ಬಿಟ್ಯಲ್ಲೇ," ಎಂದಳು ಅತ್ತಿಗೆ. ತಂಗಿಗೂ ಹಾಗೇ ಅನ್ನಿಸಿತ್ತು.

ವಾದ್ಯವನ್ನು ಯಾರಿಗಾದರೂ ಕೊಡೋಣವೆಂದು ಇಬ್ಬರೂ ಪೆಟ್ಟಿಗೆ ತೆರೆದರೆ, ಪಿಟೀಲಿನ ಕೆಳಗೆ ಆ ವಿಮರ್ಶೆಯ ತುಣುಕು. ಹೊಗಳಿಕೆ ಬಂದದ್ದನ್ನು ಅವನು ಎಂದೂ ಎತ್ತಿಟ್ಟವನಲ್ಲ. ಇದರಲ್ಲಿ "ಎರಡನೆಯ" ಎಂಬುದನ್ನು ಪೆನ್ಸಿಲಿನಿಂದ ಹೊಡೆದು, ಮೇಲೆ "ಮೂರನೆಯ" ಎಂದು ಬರೆದಿದ್ದ. ಅಂಚಿನಲ್ಲಿ ಎರಡೇ ಪದ: "ಉಳಿದದ್ದು ಸರಿ."

ನಾಲ್ಕು ತಂತಿಯ ವಾದ್ಯ. ನುಡಿಸುವವರು ಎಣಿಸುವುದು ತೆಳು ತಂತಿಯಿಂದ. ಆ ದಿನ ಅವಳು ದಪ್ಪ ತಂತಿಯಿಂದ ಎಣಿಸಿಬಿಟ್ಟಿದ್ದಳು. ಸರಿಯಾಗಿ ಎಣಿಸುವುದೇ ಅಣ್ಣ ಅವಳಿಗೆ ಮೊಟ್ಟಮೊದಲು ಕಲಿಸಿದ ಪಾಠ. ಅತ್ತಿಗೆಯ ಬೈಗುಳವನ್ನು ಹೇಗೋ ನುಂಗಿದ್ದಳು, ಈ ಪೆನ್ಸಿಲಿನ ಗೀಟನ್ನು ನುಂಗಲಾಗಲಿಲ್ಲ. ಪೆಟ್ಟಿಗೆಯ ಮೇಲೆ ಬಿದ್ದು ಅತ್ತಳು.

ಮರುದಿನ ಸಂಪಾದಕರ ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ಅದರಲ್ಲಿ ಒಂದು ಸಾಲಿನ ತಿದ್ದುಪಡಿಯಿತ್ತು.

"ವರ್ಷದ ಹಿಂದಿಂದು ಕಣಮ್ಮ ಇದು," ಎಂದರು ಅವರು. "ಈಗ ಯಾರು ಓದ್ತಾರೆ?"

"ಓದೋನು ಹೋದ ಸಾರ್. ತಪ್ಪು ಹಾಗೇ ಉಳ್ಕೊಂಡಿದೆ. ಹಾಕಿ."