ಮೊದಲು ಎಣ್ಣೆ, ಆಮೇಲೆ ಆಸರಿಗೆ

ಎರಡು ವರ್ಷದ ಹಿಂದಿನ ಡಿಸೆಂಬರ್. ಸರ್ಕಾರಿ ಟೆಲಿವಿಷನ್ ಸ್ಟುಡಿಯೊ ಒಂದರಲ್ಲಿ ಫ್ಲೋರ್ ಮ್ಯಾನೇಜರ್ ಆಗಿ ನಿವೃತ್ತಳಾಗಿ, ಹುಟ್ಟೂರು ಶಿರಸಿಗೆ ಮರಳಿದ್ದೆ. ಫ್ಲೋರ್ ಮ್ಯಾನೇಜರ್ ಎಂದರೆ ಸ್ಟುಡಿಯೊದ ಒಳಗೆ ಗಡಿಯಾರ ಹಿಡಿದು ನಿಲ್ಲುವವರು. ಯಾರು ಎಲ್ಲಿ ಕೂರಬೇಕು, ಯಾವಾಗ ಬಾಯಿ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಕೈಸನ್ನೆಯಲ್ಲೇ ತಿಳಿಸಬೇಕು. ಬೆರಳು ತೋರಿಸಿದರೆ ಶುರು, ಅಂಗೈಯನ್ನು ಅಡ್ಡ ಬೀಸಿದರೆ ಕಟ್. ನನ್ನ ಇಡೀ ನೌಕರಿ ಈ ಎರಡು ಸನ್ನೆಗಳ ನಡುವೆ ಕಳೆದಿತ್ತು.

ಊರಿನ ಕೆಲವು ಆಸಕ್ತರು ಸೇರಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮೊಬೈಲಿನಲ್ಲಿ ಕಿರುಚಿತ್ರ ಮಾಡುವ ಕಾರ್ಯಾಗಾರ ಇಟ್ಟುಕೊಂಡರು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ನಿಯಮಗಳನ್ನು ಮೊದಲ ದಿನವೇ ಹೇಳಿದೆ. ಕಥೆ ಕಾಗದದಲ್ಲಿ ಇರಬೇಕು. ತಾಲೀಮು ಆಗದೆ ಮೊಬೈಲು ಎತ್ತುವ ಹಾಗಿಲ್ಲ. ಚಿತ್ರೀಕರಣದ ದಿನ ಕಾಗದದಲ್ಲಿದ್ದದ್ದನ್ನು ಬದಲಿಸುವ ಹಾಗಿಲ್ಲ. ಮೊಬೈಲು ಹಿಡಿದವರು ಮಾತಾಡಕೂಡದು. ಕೊನೆಯ ನಿಯಮ ಪಾಲಿಸುವುದು ಎಷ್ಟು ಕಷ್ಟ ಎಂದು ಯಲ್ಲಾಪುರದಲ್ಲಿ ತಿಳಿಯಿತು. ವಜ್ರಳ್ಳಿಯ ಕೃಷಿಕರೊಬ್ಬರು ತಮ್ಮ ಚಿಕ್ಕಪ್ಪನ ಸಂದರ್ಶನ ಮಾಡಿ ತಂದಿದ್ದರು. ಚಿತ್ರದುದ್ದಕ್ಕೂ ಮೊಬೈಲಿನ ಹಿಂದಿನಿಂದ "ಹೂಂ, ಹೂಂ" ಎಂಬ ದನಿ. ಕೇಳಿದರೆ, "ಹೂಂ ಅನ್ನದೆ ಇದ್ರೆ ಚಿಕ್ಕಪ್ಪ ಮಾತೇ ನಿಲ್ಲಿಸ್ತ್ರು ಮೇಡಂ" ಎಂದರು. ತಲೆಯಾಡಿಸಿ, ದನಿ ಬೇಡ ಎಂದು ತಿದ್ದಿದೆ.

ಸಿದ್ದಾಪುರದ ತಂಡದಲ್ಲಿ ಸುಜಾತಾ ಇದ್ದಳು. ಹೇರೂರಿನ ಆಚೆಗಿನ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಗರ್ಭಿಣಿಯರನ್ನು, ಜ್ವರದವರನ್ನು ವಿಚಾರಿಸುವ ಕೆಲಸ. ಉಳಿದವರು ಹಾಸ್ಯ, ಅಡುಗೆ, ಯಕ್ಷಗಾನದ ವೇಷ ಎಂದು ವಿಷಯ ಬರೆದು ಕೊಟ್ಟರೆ ಅವಳು ಬರೆದದ್ದು ಉಣುಗಿನ ಎಣ್ಣೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಬೇಸಿಗೆ ಹತ್ತಿರವಾಗುತ್ತಿದ್ದಂತೆ ಮಂಗನ ಕಾಯಿಲೆಯ ಭಯ. ಉಣುಗು ಎಂಬ ಕಾಡಿನ ಉಣ್ಣೆಹುಳ ಕಚ್ಚಿ ಬರುವ ಜ್ವರ ಅದು. ಜನ ದರಕು, ಅಂದರೆ ಒಣಗಿದ ಎಲೆ ಗುಡಿಸಿ ತರಲು ಬೆಟ್ಟಕ್ಕೆ ಹೋಗುತ್ತಾರೆ. ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಂಡರೆ ಉಣುಗು ಹತ್ತದಿರುವಂಥ ಎಣ್ಣೆಯನ್ನು ಆರೋಗ್ಯ ಇಲಾಖೆ ಕೊಡುತ್ತದೆ. ಬಾಟಲಿಗಳನ್ನು ಮನೆಗೆ ಮುಟ್ಟಿಸುವವಳು ಸುಜಾತಾ. ಹಿಂದಿನ ಬೇಸಿಗೆಯಲ್ಲಿ ಅವಳು ಎಣ್ಣೆ ಕೊಟ್ಟಿದ್ದ ಮನೆಯ ಯಜಮಾನರೊಬ್ಬರು ಅದೇ ಜ್ವರದಿಂದ ಆಸ್ಪತ್ರೆ ಸೇರಿದರು. ಬದುಕಿದರು, ಆದರೆ ತೋಟಕ್ಕೆ ಇಳಿಯುವಷ್ಟು ತ್ರಾಣ ಬರಲು ಮಳೆಗಾಲವೇ ಬೇಕಾಯಿತು.

"ಎಣ್ಣೆ ಮನೇಲಿತ್ತು ಮೇಡಂ, ಅವ್ರ ಕಾಲಿಗಿರ್ಲಿಲ್ಲ" ಎಂದಳು ಸುಜಾತಾ. "ಅಡಿಕೆ ಕೊಯ್ಲು ಮುಗಿದ ಕೂಡ್ಲೆ ಎಲ್ರೂ ಬೆಟ್ಟ ಹತ್ತುತ್ರು. ಅದ್ರೊಳಗೆ ಈ ಸಿನಿಮಾ ಆಗ್ಬೇಕು. ಈ ವರ್ಷ ನನ್ನ ಮನೆಗಳಲ್ಲಿ ಒಬ್ರೂ ಜ್ವರ ಬಂದು ಮಲಗಬಾರ್ದು."

ಕಥೆ ಬರೆದು ತಂದಳು. ಆಶಾ ಕಾರ್ಯಕರ್ತೆ ಎಣ್ಣೆ ತಂದು ಕೊಡುತ್ತಾಳೆ. ಮನೆಯೊಡತಿ "ನಿನ್ನ ಎಣ್ಣೆಯೂ ಬೇಡ, ನೀನೂ ಬೇಡ, ಹೋಗು" ಎಂದು ಗದರಿ ಕಳಿಸುತ್ತಾಳೆ. ಆಮೇಲೆ ಜ್ವರ, ಆಂಬುಲೆನ್ಸು, ಪಶ್ಚಾತ್ತಾಪ. ನಾನು ಒಪ್ಪಿ ಸಹಿ ಹಾಕಿದೆ.

ಕಾರ್ಯಕರ್ತೆಯ ಪಾತ್ರ ಸುಜಾತಾಳದೇ. ಮನೆಯೊಡತಿಯ ಪಾತ್ರಕ್ಕೆ ಸಿಕ್ಕಿದವರು ಗಂಗಕ್ಕ, ಅರವತ್ತು ದಾಟಿದವರು. ಸುಜಾತಾಳ ಪಾಲಿನ ಮನೆಗಳಲ್ಲಿ ಅವರದೂ ಒಂದು. ಅವರದೇ ಜಗಲಿಯಲ್ಲಿ ಚಿತ್ರೀಕರಣ. ಮೊಬೈಲು ಹಿಡಿದವಳು ಅವರ ಸೊಸೆ ಶ್ವೇತಾ. ಮರುದಿನದಿಂದ ಆ ಮನೆಯಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಒಮ್ಮೆ ಅಂಗಳಕ್ಕೆ ಅಡಿಕೆ ಬಂದು ಬಿದ್ದರೆ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ನಮಗಿದ್ದದ್ದು ಒಂದೇ ದಿನ.

ತಾಲೀಮು ಚೆನ್ನಾಗಿಯೇ ಆಯಿತು. ಸುಜಾತಾ ಪಕ್ಕದಲ್ಲಿ ಕೂತಿದ್ದಾಗ ಗಂಗಕ್ಕ ಗದರುವ ಮಾತನ್ನು ತಪ್ಪಿಲ್ಲದೆ ಒಪ್ಪಿಸಿದರು. ಬೆರಳು ತೋರಿಸಿದೆ. ಸುಜಾತಾ ಅಂಗಳ ದಾಟಿ ಜಗಲಿಯ ಮೆಟ್ಟಿಲಿಗೆ ಬಂದಳು. ಗಂಗಕ್ಕ ಎದ್ದು ನಿಂತರು.

"ಬಾ ತಂಗೀ, ಬಾ. ಆಸ್ರಿಗೆ ಎಂತ ಬೇಕು?"

ಆಸರಿಗೆ ಎಂದರೆ ಬಂದವರಿಗೆ ಬಾಯಾರಿಕೆಗೆ ಕೊಡುವುದು. ನೀರೋ ಮಜ್ಜಿಗೆಯೋ ಕಷಾಯವೋ, ಅದನ್ನು ಕೇಳದೆ ಇಲ್ಲಿ ಮಾತು ಶುರುವಾಗುವುದಿಲ್ಲ. ಕಟ್ ಎಂದೆ. ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಗಂಗಕ್ಕ ತುಟಿ ಬಿಗಿಹಿಡಿದು ನಿಂತರು, ಮುಖವನ್ನೂ ಗಂಟು ಹಾಕಿದರು, ಬಾಯಿ ತೆರೆದರೆ ಮತ್ತೆ "ಬಿಸ್ಲಲ್ಲಿ ಬಂದೆ, ಮಜ್ಜಿಗೆ ಅಡ್ಡಿಲ್ಯ?"

ಶ್ವೇತಾ ಮೊಬೈಲು ಹಿಡಿದೇ ನಕ್ಕಳು. "ಅತ್ತೆ, ಎನ್ನ ಬೈಯಲೆ ಬತ್ತು, ಅವ್ಳನ್ನ ಬೈಯಲೆ ಬತ್ತಿಲ್ಯ?"

"ನೀನು ಮನೆಯವ್ಳು, ಬೈಸ್ಕಳವು. ಅವ್ಳು ಬಂದವ್ಳು."

"ಇದು ನಾಟಕ, ಗಂಗಕ್ಕ. ನಿಜವಾಗಿ ಬೈಯುವುದಲ್ಲ" ಎಂದೆ ನಾನು.

"ನಾಟಕ ಆದ್ರೂ ಜಗಲಿ ನಮ್ದೇ ಅಲ್ದಾ? ಇಲ್ಲಿ ನಿಂತ್ಕಂಡು ಹೋಗು ಹೇಳಿ ಆನು ಹ್ಯಾಂಗೆ ಹೇಳಲಿ?"

ಮಧ್ಯಾಹ್ನ ಇಳಿಯುತ್ತಿತ್ತು. ಜಗಲಿಗೆ ಬೀಳುವ ಬೆಳಕು ಇನ್ನು ಸ್ವಲ್ಪ ಹೊತ್ತು ಮಾತ್ರ. ಪಾತ್ರಧಾರಿಯನ್ನು ಬದಲಿಸೋಣವೆಂದರೆ ಆ ಹೊತ್ತಿಗೆ ಇನ್ನೊಬ್ಬರು ಸಿಗುವುದಿಲ್ಲ. ಸ್ಟುಡಿಯೊದಲ್ಲಿ ಹೀಗೆ ತಡವರಿಸುವವರಿಗೆ ನಾನು ಒಂದು ಉಪಾಯ ಮಾಡುತ್ತಿದ್ದೆ. ಕಾಗದ ಪಕ್ಕಕ್ಕಿಟ್ಟು, ಸಂದರ್ಭವನ್ನು ಅವರ ಮಾತಿನಲ್ಲೇ ಹೇಳಿಸಿ, ಮತ್ತೆ ಕಾಗದಕ್ಕೆ ತರುವುದು. ಅದನ್ನೇ ಮಾಡಿದೆ.

"ಸರಿ, ಸುಜಾತಾ ಎಣ್ಣೆ ತಂದಾಗ ನಿಜವಾಗಿ ಏನು ಹೇಳ್ತೀರಿ?"

"ಎಂತ ಹೇಳದು? ಅಡ್ಡಿಲ್ಲೆ, ಕೊಡು ಹೇಳ್ತೆ. ಕಷಾಯ ಕೊಡ್ತೆ. ಪಾಪ, ಎಷ್ಟು ದೂರದಿಂದ ನಡ್ಕಂಡು ಬತ್ತು."

"ಎಣ್ಣೆ?"

ಗಂಗಕ್ಕ ಸೆರಗು ಸರಿಮಾಡಿಕೊಂಡರು. "ಹಚ್ಕ್ಯತ್ತೆ ಹೇಳ್ತೆ."

"ಹಚ್ಚಿಕೊಳ್ತೀರಾ?"

ಅವರು ಒಳಗಿನ ಗೋಡೆಯ ಕಡೆ ನೋಡಿದರು. ಸುಜಾತಾ ಚಪ್ಪಲಿ ಬಿಟ್ಟು ನೇರ ಒಳಗೆ ನಡೆದಳು. ನಡುಮನೆಯ ಗೋಡೆಗೂಡಿನಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ, ಅವಳು ಕೊಟ್ಟಿದ್ದ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದರ ಮುಚ್ಚಳವೂ ತಿರುಗಿರಲಿಲ್ಲ.

"ವಾಸನೆ ಮಾರಾಯ್ತಿ" ಎಂದರು ಗಂಗಕ್ಕ ಹಿಂದಿನಿಂದ, ಮೆಲ್ಲಗೆ. "ಬೇಡ ಅಂದ್ರೆ ನಿಂಗೆ ಬೇಜಾರಾಗ್ತು ಹೇಳಿ ಆನು ಇಸ್ಕಂಡಿದ್ದಿ."

ಸುಜಾತಾ ಒಂದೊಂದೇ ಬಾಟಲಿಯ ಮುಚ್ಚಳ ಮುಟ್ಟಿ ನೋಡಿದಳು. "ಎಲ್ಲಾ ಮನೇಲೂ ಅಡ್ಡಿಲ್ಲೆ ಅಂದ್ರು. ಜ್ವರ ಬಂದ ಆ ಯಜಮಾನ್ರೊಬ್ರು ಬಿಟ್ರೆ ಉಳಿದವ್ರೆಲ್ಲ ಹಚ್ಕಂಡ್ರು ಅಂತ ಮಾಡಿದ್ದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಆ ಕಾಗ್ದ ಬೇಡ. ನಮ್ಮೂರಲ್ಲಿ ಯಾರೂ ಹಂಗೆ ಬೈಯುದಿಲ್ಲ. ಅದನ್ನ ತೋರ್ಸಿದ್ರೆ ಜನ ಬೇರೆ ಯಾರದೋ ಕಥೆ ಅಂತ ನಕ್ಕು ಎದ್ದು ಹೋಗ್ತ್ರು. ಇದನ್ನೇ ಮೊಬೈಲಲ್ಲಿ ತೆಗೀವ. ಗಂಗಕ್ಕ ಹೇಂಗೆ ಕರೀತ್ರೋ ಹಂಗೇ ಕರೀಲಿ."

ಚಿತ್ರೀಕರಣದ ದಿನ ಕಾಗದ ಬದಲಿಸಕೂಡದೆಂಬ ನಿಯಮ ನನ್ನದು. ಆದರೆ ಮುಂದಿದ್ದ ಕಾಗದ ಸುಳ್ಳೆಂದು ಈಗಷ್ಟೆ ಸಾಬೀತಾಗಿತ್ತು. ಅದನ್ನು ಮಡಚಿ ಚೀಲಕ್ಕೆ ಹಾಕಿದೆ. "ಗಂಗಕ್ಕ, ನಿಮ್ಮ ಗೋಡೆಗೂಡು ತೋರಿಸಲು ಒಪ್ಪಿಗೆಯೋ?" ಎಂದು ಕೇಳಿದೆ. ಅವರು ಯೋಚಿಸಿ, "ತೋರ್ಸಿ. ಆದ್ರೆ ಜಾಡಿ ಒರ್ಸಿ ಇಡ್ತೆ, ತಡೀರಿ" ಎಂದರು.

ಜಾಡಿ ಫಳಫಳಿಸಿದ ಮೇಲೆ ಬೆರಳು ತೋರಿಸಿದೆ. ಸುಜಾತಾ ಬಂದಳು, ಗಂಗಕ್ಕ ಕರೆದರು, ಎಣ್ಣೆ ಇಸಕೊಂಡರು, "ಅಡ್ಡಿಲ್ಲೆ, ಹಚ್ಕ್ಯತ್ತೆ" ಎಂದರು. ಶ್ವೇತಾ ಹಿಂದೆಯೇ ನಡೆದು ಬಾಟಲಿ ಗೂಡಿಗೆ ಸೇರುವುದನ್ನು ಚಿತ್ರೀಕರಿಸಿದಳು. ಗಂಗಕ್ಕ ಕಷಾಯದ ಲೋಟ ತಂದು ಸುಜಾತಾಳ ಮುಂದಿಟ್ಟರು. ಅಲ್ಲಿಗೆ ದೃಶ್ಯ ಮುಗಿಯಬೇಕು. ಬೀಸಲೆಂದು ಅಂಗೈ ಎತ್ತಿದ್ದೆ. ಆಗ ಸುಜಾತಾ ಲೋಟವನ್ನು ಒಂದು ಗೇಣು ದೂರ ಸರಿಸಿದಳು.

"ಬಾಟ್ಲಿ ತನ್ನಿ ಗಂಗಕ್ಕ. ನೀವು ಹಚ್ಕಂಡ ಮೇಲೇ ನಾ ಕುಡಿತೆ."

ನನ್ನ ಕೈ ಅಲ್ಲೇ ನಿಂತಿತು. ಗಂಗಕ್ಕ ನನ್ನನ್ನು ನೋಡಿದರು. ನಾನು ಅಲುಗಲಿಲ್ಲ. ಲೋಟ ನೋಡಿದರು. ಬಂದವಳು ಬಾಯಿಗೆ ಏನೂ ಹಾಕದೆ ಎದ್ದು ಹೋಗುವುದನ್ನು ತಾಳುವ ಹೆಂಗಸಲ್ಲ ಅವರು.

"ಆರಿಹೋಗ್ತು, ಕುಡಿಯೇ."

"ಆರ್ಲಿ."

ಗಂಗಕ್ಕ ಒಳಗೆ ಹೋಗಿ ಬಾಟಲಿ ತಂದರು. ಮುಚ್ಚಳ ತಿರುಗಿಸಿದರು, ಮೂಗು ಮುರಿದರು, ಕೈಗೆ ಹಚ್ಚಿದರು, ಬಗ್ಗಿ ಕಾಲಿಗೂ ಹಚ್ಚಿದರು. "ಆತಾ? ಈಗ ಕುಡಿ, ಹಟಮಾರಿ" ಎಂದರು. ಸುಜಾತಾ ಲೋಟ ಎತ್ತಿದಳು. ಆಮೇಲೆ ಕಟ್ ಎಂದೆ.

ಆ ಚಿತ್ರವನ್ನು ಕಾರ್ಯಾಗಾರದ ಪ್ರದರ್ಶನವಿದ್ದ ಶಿರಸಿಯ ಸಭಾಂಗಣಕ್ಕಿಂತ ಮೊದಲು ಒಂದು ರಾತ್ರಿ ಗಂಗಕ್ಕನ ಅಂಗಳದಲ್ಲಿ, ಕೊಯ್ಲಿಗೆ ಬಂದ ನೆರೆಯವರಿಗೆ ತೋರಿಸಿದೆವು. "ಹಚ್ಕ್ಯತ್ತೆ" ಎಂಬಲ್ಲಿ ಎಲ್ಲರೂ ನಕ್ಕರು. ಗೋಡೆಗೂಡು ಕಂಡಾಗ ನಗು ನಿಂತಿತು. ಒಬ್ಬರು ಪಕ್ಕದವರಿಗೆ, "ನಿಮ್ಮಲ್ಲೂ ಜಾಡಿ ಹಿಂದೆಯೇಯ?" ಎಂದು ಕೇಳಿದ್ದು ನನಗೆ ಕೇಳಿಸಿತು.

ಅಲ್ಲಿಂದಾಚೆ ಸುಜಾತಾಳ ಸುತ್ತಾಟದ ಕ್ರಮವೇ ಬದಲಾಯಿತು. ಯಾವ ಮನೆಗೆ ಹೋದರೂ ಲೋಟ ಸರಿಸಿ ಕೂರುತ್ತಾಳೆ. ಕೆಲವರು ಅವಳು ಅಂಗಳಕ್ಕೆ ಕಾಲಿಡುವಾಗಲೇ ಬಾಟಲಿ ಹಿಡಿದು ನಿಲ್ಲುತ್ತಾರಂತೆ. ಆ ಬೇಸಿಗೆ ಅವಳ ಮನೆಗಳಲ್ಲಿ ಯಾರೂ ಆ ಜ್ವರದಿಂದ ಮಲಗಲಿಲ್ಲ. ಎಣ್ಣೆಯೊಂದರಿಂದಲೇ ಹಾಗಾಯಿತೆಂದು ಹೇಳಲು ನಾನು ವೈದ್ಯೆಯಲ್ಲ. ಮುಚ್ಚಳಗಳು ತೆರೆದವು ಎಂಬುದನ್ನಷ್ಟೆ ಹೇಳಬಲ್ಲೆ.

ಕಾರ್ಯಾಗಾರಗಳು ಈಗಲೂ ನಡೆಯುತ್ತವೆ. ಕಾಗದವಿಲ್ಲದೆ ಬಂದವರನ್ನು ಇಂದಿಗೂ ಹೊರಗೆ ಕೂರಿಸಿ ಬರೆಸುತ್ತೇನೆ. ಆದರೆ ಒಂದೇ ತಪ್ಪನ್ನು ಯಾರಾದರೂ ಮೂರು ಸಲ ಮಾಡಿದರೆ ತಿದ್ದುವ ಮೊದಲು, "ಮನೆಯಲ್ಲಿ ಹೇಗೆ ಮಾಡ್ತೀರಿ?" ಎಂದು ಕೇಳುತ್ತೇನೆ. ಉತ್ತರ ಬರುವ ತನಕ ಕೈ ಬೀಸುವುದಿಲ್ಲ.