ಮೇಣ ಹಚ್ಚಿದ ಹಲಗೆ

ಶುಕ್ರವಾರ ಮಧ್ಯಾಹ್ನ ಒಲೆಮನೆಯಲ್ಲಿ ಕೂತು ಹನ್ನೊಂದನೆಯ ತೆಂಗಿನಕಾಯಿ ತುರಿಯುತ್ತಿದ್ದಾಗ ಫುವಾತಿನೋಳ ಕೈ ತಾನಾಗಿ ನಿಂತಿತು. ದ್ವೀಪದ ಸುತ್ತ ಕಡಲಿನೊಳಗೆ ಅಡ್ಡ ನಿಂತ ಹವಳದ ದಂಡೆಯ ಕಡೆಯಿಂದ ಬರುವ ಅಲೆಯ ಸದ್ದಿನಲ್ಲಿ ಬಿಡುವು ಹೆಚ್ಚಾಗಿತ್ತು. ಬೆಳಿಗ್ಗೆ ಅದು ಮಕ್ಕಳ ಗಲಾಟೆಯ ಹಾಗೆ ಒಂದರ ಮೇಲೊಂದು ಬೀಳುತ್ತಿತ್ತು. ಈಗ ಒಂದು ಬಿತ್ತು. ಅವಳು ಕಾದಳು. ಮೂರು ಸಲ ಉಸಿರು ಒಳಗೆ ಹೋಗಿ ಹೊರಗೆ ಬಂದ ಮೇಲೆ ಇನ್ನೊಂದು ಬಿತ್ತು, ನೆಲದೊಳಗಿಂದ ಗುದ್ದಿದ ಹಾಗೆ. ದಕ್ಷಿಣದಲ್ಲಿ ಎಲ್ಲೋ ಬಿರುಗಾಳಿ ಎದ್ದು ಐದಾರು ದಿನ ಆಗಿರಬೇಕು. ಅದರ ಅಲೆ ನಾಳೆ ಬೆಳಿಗ್ಗೆ ಇಲ್ಲಿ ಬಂದು ನಿಲ್ಲುತ್ತದೆ.

"ಕೈ ಯಾಕೆ ನಿಂತಿತು?" ಚಾಪೆಯ ಮೇಲೆ ಒರಗಿದ್ದ ಅತ್ತೆ ಲೋಸಾ ಕೇಳಿದಳು.

"ಕಾಯಿ ಕೊಳೆತಿದೆಯಾ ಅಂತ ನೋಡ್ದೆ ಅತ್ತೆ."

"ಕಾಯಿನ ಕಣ್ಣಲ್ಲಿ ನೋಡ್ತಾರೆ. ನೀನು ಕಿವಿಯಲ್ಲಿ ನೋಡ್ತಿದೀಯ."

ಫುವಾತಿನೋ ತುರಿಮಣೆಗೆ ಬಾಗಿದಳು. ಆದರೆ ಕಿವಿ ಬಾಗಲಿಲ್ಲ.

ಅವಳು ವಾಯ್ಸೂಲುವಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ. ತವರು ತಫಾಂಗ ದೂರವೇನಲ್ಲ; ಒಲೆಮನೆಯ ಕಂಬಗಳ ನಡುವಿನಿಂದ ನೋಡಿದರೆ ಅಲ್ಲಿಯ ಇಗರ್ಜಿಯ ಗೋಪುರ ಕಾಣುತ್ತದೆ. ಎರಡೂರ ನಡುವೆ ಹೊಳೆ ಸಮುದ್ರ ಸೇರುತ್ತದೆ. ಸಿಹಿನೀರಿಗೆ ಹವಳ ಬೆಳೆಯುವುದಿಲ್ಲವಾದ್ದರಿಂದ ದಂಡೆ ಅಲ್ಲಿ ಬಾಯಿ ಬಿಟ್ಟಿದೆ. ಆ ಬಾಯಿಯ ಮೂಡಣ ತುಟಿಯ ಮೇಲೆ ಒಡೆಯುವ ಅಲೆ ವಾಯ್ಸೂಲುವಿನದು, ಪಡುವಣ ತುಟಿಯದು ತಫಾಂಗದ್ದು. ಊರಿನ ಗಡಿ ನೀರಿಗೆ ಇಳಿದರೂ ಅಳಿಸಿಹೋಗುವುದಿಲ್ಲ.

ತಫಾಂಗದಲ್ಲಿ ಅವಳು ಮಗಳು. ಅವಳು ಒಳಗೆ ಬಂದರೆ ಅಣ್ಣ ಸೋಲೋಫಾ ಕೂತ ಜಾಗ ಬಿಟ್ಟು ಏಳುತ್ತಾನೆ. ತಂಗಿ ಕೇಳಿದ್ದನ್ನು ಇಲ್ಲವೆಂದರೆ ಅವನ ಮನೆಗೆ ಒಳ್ಳೆಯದಾಗದು. ಏಳು ವರ್ಷಕ್ಕೆ ದೀವಿಹಲಸಿನ ಮರದ ಹಲಗೆಯ ಮೇಲೆ ಹೊಟ್ಟೆ ಹಚ್ಚಿ ಅಲೆಯ ಜೊತೆ ಜಾರಲು ಕಲಿತಳು, ಹನ್ನೆರಡಕ್ಕೆ ಎದ್ದು ನಿಂತಳು. ಎಡಗಾಲಿನ ಮೀನಖಂಡದಲ್ಲಿ ಹವಳ ಕೊಯ್ದ ಗುರುತು ಇನ್ನೂ ಇದೆ. ಅವಳ ಅಜ್ಜಿ ಬಸುರಿಯಾಗಿದ್ದಾಗಲೂ ಅಲೆ ಬಿಡಲಿಲ್ಲವಂತೆ. ಅದು ಗಂಡಸರ ಆಟ ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೂಡಣ ದಂಡೆಯ ಮೇಲೆ ಆಡುತ್ತಿದ್ದ ಲಾಫಾಯ್ ನಡುವಿನ ನೀರಿನ ಆಚೆ ಅಲೆಯ ಮೇಲೆ ನಿಂತವಳನ್ನು ನೋಡಿ ಮೆಚ್ಚಿ ಮದುವೆಯಾದ. ಮದುವೆಯಾದ ಮೇಲೆ ಅವಳನ್ನು ಅಲೆಯ ಮೇಲೆ ಯಾರೂ ನೋಡಲಿಲ್ಲ.

ಬೇಡ ಎಂದವರು ಯಾರೂ ಇಲ್ಲ. ವಾಯ್ಸೂಲುವಿನಲ್ಲೇ ಹುಟ್ಟಿದ ಹೆಣ್ಣುಮಕ್ಕಳು ಮುಂದಿನ ಮನೆಯಲ್ಲಿ ಕೂತು ಚಾಪೆ ಹೆಣೆಯುತ್ತಾರೆ, ಬಂದ ಸೊಸೆಯರು ಹಿಂದಿನ ಒಲೆಮನೆಯಲ್ಲಿ ಇರುತ್ತಾರೆ, ಅಷ್ಟೆ. "ಹೋಗು, ನಾನೇನು ಬೇಡ ಅಂದ್ನಾ?" ಎನ್ನುತ್ತಾನೆ ಲಾಫಾಯ್. "ಕೆಲಸ ಮುಗಿಸಿ ಹೋಗು." ಅವನು ಪರದೇಶದ ಬಿಳಿಯ ಅತಿಥಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ದಿನಾ ಬೆಳಿಗ್ಗೆ ಮೂಡಣ ದಂಡೆಯ ಅಲೆಗೆ ಹೋಗುತ್ತಾನೆ, ತಾನೂ ಆಡುತ್ತಾನೆ. ಅದಕ್ಕೆ ಕೆಲಸ ಎಂದು ಹೆಸರು. ಅವನು ಬಿಚ್ಚಿ ಎಸೆದ ಒದ್ದೆ ಬಟ್ಟೆಯನ್ನು ಹಿಂಡಿ ಹರವುವುದಕ್ಕೆ ಹೆಸರಿಲ್ಲ. ಮೂರು ಮಕ್ಕಳು, ಅತ್ತೆ, ನಾದಿನಿ, ಇಬ್ಬರು ಮೈದುನರು, ಗಂಡ, ಇವರ ಮೇಲೆ ಅತಿಥಿಗಳು. ಹನ್ನೊಂದು ವರ್ಷದಲ್ಲಿ ಕೆಲಸ ಮುಗಿದ ದಿನ ಯಾವುದೆಂದು ಅವಳು ನೆನೆಸಿಕೊಳ್ಳಲು ನೋಡಿದ್ದಳು. ಮೂರನೆಯ ಹೆರಿಗೆಯ ಮರುದಿನ ಸ್ವಲ್ಪ ಹಾಗಿತ್ತು.

ಹಲಗೆಯೂ ಇತ್ತು. ಎರಡು ವರ್ಷದ ಹಿಂದೆ ಅತಿಥಿಯೊಬ್ಬಳು ಮೂತಿ ಮುರಿದ ತನ್ನ ಹಲಗೆಯನ್ನು ಫುವಾತಿನೋಳ ಕೈಗೇ ಕೊಟ್ಟು ಹೋಗಿದ್ದಳು. ಫುವಾತಿನೋ ದೀವಿಹಲಸಿನ ಅಂಟು, ಹಳೆ ಬಟ್ಟೆ ಸೇರಿಸಿ ಮೂತಿ ಕಟ್ಟಿದಳು. ಅಂಟು ಒಣಗುವ ಹೊತ್ತಿಗೆ ಮಗುವಿಗೆ ಜ್ವರ ಬಂತು. ಜ್ವರ ಇಳಿಯುವ ಹೊತ್ತಿಗೆ ಲೋಸಾ ಆ ಹಲಗೆಯನ್ನು ಎರಡು ಪೆಟ್ಟಿಗೆಗಳ ಮೇಲೆ ಅಡ್ಡ ಇಡಿಸಿ, "ನೋಡು, ಇಸ್ತ್ರಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದಿದ್ದಳು. ಅಂದಿನಿಂದ ಪ್ರತಿ ಶನಿವಾರ ನೀರಿಗೆ ತಾಗುವ ಅದರ ಚಪ್ಪಟೆ ಬೆನ್ನ ಮೇಲೆ ಹಳೆಯ ದುಪ್ಪಟಿ ಹಾಸಿ, ಮನೆಮಂದಿ ಭಾನುವಾರ ಇಗರ್ಜಿಗೆ ಉಡುವ ಬಿಳಿ ಬಟ್ಟೆಗಳಿಗೆಲ್ಲ ಅವಳು ಇಸ್ತ್ರಿ ಹಾಕುತ್ತಾಳೆ. ಈ ವಾರ ಪಾದ್ರಿಯ ಬಟ್ಟೆಯ ಸರದಿಯೂ ಇದೇ ಮನೆಯದು.

ಶನಿವಾರವೇ ಇಸ್ತ್ರಿ, ಶನಿವಾರವೇ ಅಲೆ. ಭಾನುವಾರ ಯಾರೂ ಸಮುದ್ರಕ್ಕೆ ಇಳಿಯುವಂತಿಲ್ಲ. ಸೋಮವಾರಕ್ಕೆ ಅಲೆ ಸತ್ತಿರುತ್ತದೆ.

ಶನಿವಾರ ಮೊದಲ ಕೋಳಿಗೇ ಎದ್ದಳು. ಗೆಡ್ಡೆ ಬೇಯಿಸಿದಳು, ಕೋಕೋ ಕುದಿಸಿದಳು, ಅತಿಥಿಗಳಿಗೆ ಮೊಟ್ಟೆ ಕರಿದಳು, ಗಂಡನ ದೋಣಿಗೆ ಬುತ್ತಿ ಇಟ್ಟಳು. ಗಾಳಿ ಇರಲಿಲ್ಲ. ಹತ್ತು ಗಂಟೆಗೆ ಅದು ಏಳುತ್ತದೆ, ಅಷ್ಟರೊಳಗೆ ಹೋಗಿಬರಬೇಕು. ಹಲಗೆಯನ್ನು ಮಗುಚಿ, ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿಯ ತುಂಡಿನಿಂದ ಅದರ ಹೊಟ್ಟೆಯನ್ನು, ಅಂದರೆ ಕಾಲು ಊರುವ ಮೇಲ್ಮೈಯನ್ನು, ಕಾಲು ಜಾರದಿರಲೆಂದು ಗಸಗಸ ಉಜ್ಜಿದಳು. ಹೆಗಲಿಗೇರಿಸಿ ತಿರುಗಿದರೆ ನಾದಿನಿ ತಿಲೋಮಾಯ್ ಹಲ್ಲುಜ್ಜುತ್ತ ನಿಂತಿದ್ದಾಳೆ.

ತಿಲೋಮಾಯ್ ಆರು ವರ್ಷ ಬೇರೆ ಊರಿನಲ್ಲಿ ಸೊಸೆಯಾಗಿದ್ದು ಗಂಡನನ್ನು ಬಿಟ್ಟು ಬಂದವಳು. ಬಂದ ದಿನದಿಂದ ಮತ್ತೆ ಈ ಮನೆಯ ಮಗಳು. ಒಂದು ಪಾತ್ರೆ ಮುಟ್ಟಿದವಳಲ್ಲ.

"ಇಸ್ತ್ರಿ ಹಲಗೆ ಹೊತ್ಕೊಂಡು ಎಲ್ಲಿಗೆ ಸವಾರಿ?"

"ತೊಳ್ಕೊಂಡು ಬರ್ತೀನಿ ಅಕ್ಕಾ."

"ಸಮುದ್ರದಲ್ಲಾ?"

"ದೊಡ್ಡ ಹಲಗೆ. ದೊಡ್ಡ ನೀರು ಬೇಕು."

ತಿಲೋಮಾಯ್ ಬಾಯಲ್ಲಿದ್ದ ನೊರೆ ಉಗಿದಳು. "ಅಮ್ಮ ಇನ್ನೂ ಎದ್ದಿಲ್ಲ. ಕಾಲು ಮುರ್ಕೊಂಡು ಬಂದೀಯ ಮತ್ತೆ, ಅಡುಗೆ ನನ್ನ ತಲೆ ಮೇಲೆ ಬೀಳುತ್ತೆ."

ಹೊಳೆಯ ಸೆಳೆತವೇ ಅವಳನ್ನು ದಂಡೆಯ ಬಾಯಿಯವರೆಗೆ ಒಯ್ದಿತು. ಮೂಡಣ ತುಟಿಯ ಹತ್ತಿರ ಲಾಫಾಯ್‌ನ ದೋಣಿ, ಅತಿಥಿಗಳ ತಲೆಗಳು. ಅವಳು ಅತ್ತ ನೋಡದೆ ಕೈಯಿಂದ ನೀರು ತಳ್ಳುತ್ತ ಪಡುವಣಕ್ಕೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. ತಫಾಂಗದವರು ತಮ್ಮ ಅಲೆಗೆ ಪರದೇಶದವರನ್ನು ಬಿಡುವುದಿಲ್ಲ, ಶನಿವಾರ ಊರ ಹುಡುಗರೆಲ್ಲ ತೋಟದಲ್ಲಿ. ಇಗರ್ಜಿಯ ಗೋಪುರವೂ ಒಂಟಿ ತೆಂಗಿನ ಮರವೂ ಒಂದೇ ಗೆರೆಗೆ ಬರುವ ತನ್ನ ಹಳೆಯ ಜಾಗದಲ್ಲಿ ಹಲಗೆ ನಿಲ್ಲಿಸಿದಳು. ನೀರಿನ ಕೆಳಗೆ ಕಂದು ಬಂಡೆ ಇದ್ದಲ್ಲೇ ಇತ್ತು.

ಮೊದಲ ಅಲೆ ಎತ್ತಿದಾಗ ಎದ್ದು ನಿಂತಳು ಕೂಡ. ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದೆನೋ ಇಲ್ಲವೋ ಎಂದು ತಲೆಯಲ್ಲಿ ಬಂತು. ಬಿದ್ದಳು. ನೀರು ಅವಳನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಿ, ಮಂಡಿಯನ್ನು ಹವಳಕ್ಕೆ ಸವರಿ ಬಿಟ್ಟಿತು. ಎರಡನೆಯದರಲ್ಲಿ ಚಿಕ್ಕವನ ಅಂಗಿಯ ಗುಂಡಿ ನೆನಪಾಯಿತು, ಅದೂ ಹೋಯಿತು. ಮೂರನೆಯದು ಬರುವಾಗ ದಂಡೆಯ ಮೇಲಿನ ನೀರೆಲ್ಲ ಹಿಂದಕ್ಕೆ ಸರಿದು ಹವಳದ ತಲೆಗಳು ಕಂಡವು. ಭಯದಲ್ಲಿ ಅಂಗಿಯ ಗುಂಡಿಗೆ ಜಾಗ ಇರಲಿಲ್ಲ. ಕೈಯಿಂದ ನೀರು ತಳ್ಳಿದಳು, ಹಲಗೆ ಅಲೆಯ ಮುಖದ ಮೇಲೆ ಕೆಳಕ್ಕೆ ಜಾರಿತು, ಕಾಲು ಮೇಣಕ್ಕೆ ಅಂಟಿತು. ಆಮೇಲೆ ಬಲಗಡೆ ಉದ್ದಕ್ಕೆ ಹಸಿರು ಗೋಡೆ ಏಳುತ್ತ ಹೋಯಿತು, ಅವಳು ಅದರ ಮುಂದೆ ಹೋಗುತ್ತ ಹೋದಳು. ತುದಿಯ ಆಳದ ನೀರಿನಲ್ಲಿ ಅಲೆ ಅವಳನ್ನು ಇಳಿಸಿದಾಗ ಅವಳು ಜೋರಾಗಿ ಕೂಗುತ್ತಿದ್ದಳು. ಯಾವಾಗ ಶುರು ಮಾಡಿದಳೋ ಗೊತ್ತಿಲ್ಲ. ಆಚೆಯಿಂದ ಒಬ್ಬ ಅತಿಥಿ ಕೈಯೆತ್ತಿ ಮರುಕೂಗು ಹಾಕಿದ.

ಮತ್ತೆ ಹೋದಳು. ಮತ್ತೆ. ಗಾಳಿ ಎದ್ದು ನೀರು ಒರಟಾಗುವವರೆಗೆ.

ಮಧ್ಯಾಹ್ನ ಉಣ್ಣುವಾಗ ಲಾಫಾಯ್ ತಟ್ಟೆ ನೋಡುತ್ತಲೇ, "ಪಡುವಣದಲ್ಲಿ ಯಾರೋ ಇದ್ದರು ಇವತ್ತು. ಚೆನ್ನಾಗಿ ಆಡಿದರು" ಎಂದ.

"ಹೌದಾ? ಇನ್ನೊಂಚೂರು ಸೊಪ್ಪು ಹಾಕ್ಲಾ?"

ಮಂಡಿಯ ಗಾಯಕ್ಕೆ ನಿಂಬೆರಸ ಹಿಂಡಿಕೊಂಡು, ಹಲ್ಲು ಕಚ್ಚಿಕೊಂಡು ಅವಳು ಇಸ್ತ್ರಿಪೆಟ್ಟಿಗೆಗೆ ಚಿಪ್ಪಿನ ಕೆಂಡ ತುಂಬಲು ಕೂತಳು. ಕುಂಟುವುದನ್ನು ನೋಡಿ ತಿಲೋಮಾಯ್, "ಇರು, ಹಲಗೆ ನಾನು ಹಾಸ್ತೀನಿ" ಎಂದಳು. ಮನೆಯ ಮಗಳು ಹಾಗೆ ಹೇಳಿದ್ದೇ ದೊಡ್ಡದು ಎನಿಸಿ ಫುವಾತಿನೋ ತಿರುಗಿ ನೋಡಲಿಲ್ಲ. ತಿಲೋಮಾಯ್ ಈ ಮನೆಯಲ್ಲಿ ಒಮ್ಮೆಯೂ ಇಸ್ತ್ರಿ ಮಾಡಿರಲಿಲ್ಲ. ಹಲಗೆಗೆ ಎರಡು ಬದಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮೇಣದ ಬದಿ ಮೇಲಾಗಿತ್ತು. ಅದರ ಮೇಲೆ ದುಪ್ಪಟಿ ಬಿತ್ತು. ದೇಹ ಇನ್ನೂ ಅಲೆಯ ಮೇಲೇ ಇದ್ದ ಫುವಾತಿನೋ ಸಂಜೆಯವರೆಗೆ ಒತ್ತಿ ಒತ್ತಿ ಇಸ್ತ್ರಿ ಹಾಕಿದಳು. ಬಿಸಿಯಲ್ಲಿ ಏನೂ ಕಾಣಲಿಲ್ಲ.

ಭಾನುವಾರ ಇಗರ್ಜಿಯ ಕಿಟಕಿಯಿಂದ ಬಿಸಿಲು ಬಿದ್ದಾಗ ಎಲ್ಲ ಕಂಡಿತು. ಎಣ್ಣೆ ಬಿದ್ದ ಕಾಗದದ ಹಾಗೆ ಲೋಸಾಳ ಬಿಳಿ ಉಡುಪಿನ ಬೆನ್ನು ಅಂಗೈಯಗಲ ಪಾರದರ್ಶಕವಾಗಿತ್ತು. ಲಾಫಾಯ್‌ನ ತೋಳು, ಮೈದುನರ ಎದೆ, ಮಕ್ಕಳ ಅಂಗಿ, ಎಲ್ಲದರ ಮೇಲೂ ಮಚ್ಚೆ. ಹಿಂದಿನ ಸಾಲಿನವರು ಕೆಮ್ಮತೊಡಗಿದರು. ಪಾದ್ರಿ ಪ್ರಾರ್ಥನೆಗೆಂದು ಜನರಿಗೆ ಬೆನ್ನು ಮಾಡಿದಾಗ ಅವನ ಅಂಗಿಯ ಮೇಲೆ ಸಾಲಾಗಿ ಐದು ಬೆರಳಿನ ಗುರುತು, ಕೆಳಗೆ ಹಿಮ್ಮಡಿ. ಮೇಣದಲ್ಲಿ ಅಚ್ಚಾಗಿದ್ದ ಫುವಾತಿನೋಳ ಪಾದ ಅದು.

ಲೋಸಾ ಮನೆಗೆ ಬಂದಮೇಲೆ ಟೋಪಿ ತೆಗೆಯದೆಯೇ ಶುರು ಮಾಡಿದಳು.

"ದೇವರ ಮನುಷ್ಯನ ಬೆನ್ನ ಮೇಲೆ ಕಾಲಿಟ್ಟೆಯಲ್ಲೇ!"

"ನಿನ್ನೆ ಪಡುವಣ ಅಲೆಗೆ ಹೋಗಿದ್ದೆ ಅತ್ತೆ. ಮೇಣ ಹಚ್ಚಿದ್ದೆ."

"ಯಾರ ಅಪ್ಪಣೆ ತಗೊಂಡು?"

ಫುವಾತಿನೋ ಗಂಡನನ್ನು ನೋಡಿದಳು. ಲಾಫಾಯ್ ಚಾಪೆಯ ಅಂಚಿನ ಎಳೆಯೊಂದನ್ನು ಬಹಳ ಗಮನವಿಟ್ಟು ಕೀಳುತ್ತಿದ್ದ.

"ಹಲಗೆ ತಿರುವುಮುರುವು ಹಾಸಿದ್ದು ನಾನಮ್ಮ," ಎಂದಳು ತಿಲೋಮಾಯ್. "ನಂಗೇನು ಗೊತ್ತು ಯಾವ ಕಡೆ ಯಾವುದು ಅಂತ?"

"ನೀನ್ಯಾಕೆ ಹಾಸೋಕೆ ಹೋದೆ? ಅದು ನಿನ್ನ ಕೆಲಸವಾ?"

"ಅಲ್ಲಿ ಆರು ವರ್ಷ ನನ್ನ ಕೆಲಸವೇ ಆಗಿತ್ತು. ಆಗ ನೀನು ಕೇಳಲಿಲ್ಲ."

ಲೋಸಾ ಮಗನ ಕಡೆ ತಿರುಗಿ, "ನಾಳೆ ಗರಗಸ ತಗೋ. ಹಂದಿಗೂಡಿಗೆ ಬಾಗಿಲಿಲ್ಲ, ಆ ಹಲಗೆ ಕೊಯ್ದು ಹಾಕು" ಎಂದಳು. ಲಾಫಾಯ್ ಹೂಂ ಎಂದ. ಆ ಹೂಂ ಫುವಾತಿನೋಳಿಗೆ ಮಂಡಿಯ ಗಾಯಕ್ಕಿಂತ ಆಳಕ್ಕೆ ತಗುಲಿತು. ಅವಳು ಹೇಗೆ ಆಡಿದಳೆಂದು ಆ ಮನೆಯಲ್ಲಿ ಕಣ್ಣಾರೆ ನೋಡಿದವನು ಅವನೊಬ್ಬನೇ.

ಸೋಮವಾರ ಬೆಳಿಗ್ಗೆ ಲಾಫಾಯ್ ಗರಗಸದ ಹಲ್ಲಿಗೆ ಅರ ಉಜ್ಜುತ್ತಿದ್ದಾಗ ಅವಳು ಹಲಗೆಯನ್ನು ತಲೆಯ ಮೇಲೆ ಹೊತ್ತು ಅವನ ಮುಂದೆಯೇ ಹಾದುಹೋದಳು. ಹಿತ್ತಿಲ ದಾರಿ ಹಿಡಿಯಲಿಲ್ಲ. ಹೆಣ್ಣುಮಕ್ಕಳು ಚಾಪೆ ಹೆಣೆಯುವ ಮನೆಯ ಎದುರಿನಿಂದ, ಊರ ನಡುವಿನ ಹುಲ್ಲಿನ ಮೇಲೆ ನಡೆದಳು.

"ಏಯ್, ಎಲ್ಲಿಗೆ?" ಅವನು ಹಿಂದೆ ಓಡಿಬಂದ. "ಅಮ್ಮಂಗೆ ಏನು ಹೇಳ್ಲಿ ನಾನು?"

"ತವರಿಗೆ ಹೋದಳು ಅನ್ನು."

"ಯಾವಾಗ ಬರ್ತೀಯ? ಒಲೆ ಮೇಲೆ ಏನೂ ಇಲ್ಲ."

"ಕೆಲಸ ಮುಗಿಸಿ ಬರ್ತೀನಿ."

ಸಮುದ್ರ ಹಾಸಿದ ಬಟ್ಟೆಯ ಹಾಗಿತ್ತು. ನಡುವಿನ ನೀರು ದಾಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಸೋಲೋಫಾ ತಂಗಿಯನ್ನು ಕಂಡವನೇ ಎದ್ದು ಜಾಗ ಬಿಟ್ಟ. ಹಲಗೆ ಇಲ್ಲಿರಲಿ, ನನ್ನದು, ಯಾರೂ ಕೊಯ್ಯಬಾರದು ಎಂದು ಅವಳು ಹೇಳಿ ಮುಗಿಸುವ ಮೊದಲೇ ಎರಡು ಕೈಯಲ್ಲಿ ಎತ್ತಿ ತೊಲೆಯ ಮೇಲಿಟ್ಟ. "ನಾನಿರೋವರೆಗೆ ಅದನ್ನ ಮುಟ್ಟೋರು ಯಾರು? ಅಲೆ ಬಂದಾಗ ಬಾ. ಕೂತ್ಕೋ." ಆಮೇಲೆ ಹಿಂದಕ್ಕೆ ತಿರುಗಿ ಕೂಗಿದ: "ಲೇ ಸಿಯೇನಿ! ತಂಗಿ ಬಂದಿದಾಳೆ, ಕೋಕೋ ತಗೊಂಬಾ. ಮೀನು ಏನಾದ್ರೂ ಸುಡು!"

ಸಿಯೇನಿ ಅಣ್ಣನ ಹೆಂಡತಿ. ಒಲೆಮನೆಯಿಂದ ಬಂದಳು, ಮೊಣಕೈವರೆಗೆ ಮಸಿ, ಸೊಂಟದಲ್ಲಿ ಕೂಸು. ಬಟ್ಟಲು ಇಟ್ಟು ಬಾಗಿದಳು. ಹನ್ನೊಂದು ವರ್ಷ ಇಲ್ಲಿಗೆ ಬಂದಾಗಲೆಲ್ಲ ಫುವಾತಿನೋ ಈ ಬಟ್ಟಲು ಕುಡಿದಿದ್ದಳು. ತಂದವಳ ಕೈಯನ್ನು ನೋಡಿರಲಿಲ್ಲ. ಬೆರಳ ತುದಿಗಳಲ್ಲಿ ತುರಿಮಣೆ ತಾಗಿದ ಗೀರುಗಳು, ತನ್ನ ಬೆರಳಲ್ಲಿ ಇರುವಂಥವೇ.

ಸಿಯೇನಿ ತೊಲೆಯ ಕಡೆ ಕತ್ತೆತ್ತಿದಳು. "ಒಳ್ಳೆ ಚಪ್ಪಟೆಯಾಗಿದೆ. ಇಸ್ತ್ರಿಗೆ ಆಗುತ್ತಲ್ವಾ ಅಕ್ಕಾ?"

ಫುವಾತಿನೋಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಟ್ಟಲು ಕೆಳಗಿಟ್ಟು ಎದ್ದಳು.

"ಈಜು ಬರುತ್ತಾ ನಿಂಗೆ?"

"ನಮ್ಮೂರು ಗುಡ್ಡದ ಮೇಲೆ. ಹೊಳೆಯಲ್ಲಿ ಬರ್ತಿತ್ತು." ಸಿಯೇನಿ ಗಂಡನನ್ನು ಓರೆಗಣ್ಣಲ್ಲಿ ನೋಡಿ ನಕ್ಕಳು. "ಈಗ ಎಲ್ಲಿ ಅಕ್ಕಾ, ಕೆಲಸ ಮುಗಿಬೇಕಲ್ಲ."

"ಕೂಸನ್ನ ಇವನ ಕೈಗೆ ಕೊಡು."

ಸೋಲೋಫಾ ನಗಲು ಹೊರಟ. ತಂಗಿ ನಗುತ್ತಿರಲಿಲ್ಲ. ಅವಳು ಕೇಳಿದ್ದನ್ನು ಅವನು ಯಾವತ್ತೂ ಇಲ್ಲವೆಂದವನಲ್ಲ. ಕೂಸು ಅವನ ತೋಳಿಗೆ ಬಂದು ರಾಗ ಎಳೆಯಿತು.

"ಮೀನು?" ಎಂದ ಅವನು.

"ನೀನೇ ಸುಡು," ಎಂದು ಫುವಾತಿನೋ ತೊಲೆಯಿಂದ ಹಲಗೆ ಇಳಿಸತೊಡಗಿದಳು. "ಸಿಯೇನಿ, ಆ ತುದಿ ಹಿಡ್ಕೋ. ಮೇಣ ಇರೋ ಕಡೆ ಮೇಲೆ ಬರಬೇಕು, ಮರೀಬೇಡ."